ಐದು ದಿನದ ಜಾತ್ರೆ ಅಂಗಡಿಗೂ ಲೈಸೆನ್ಸ್ ಬೇಕಾ?

ಪ್ರಶ್ನೆ: ಭರತ ಹುಣ್ಣಿಮೆಗೆ ನಮ್ಮೂರ ಜಾತ್ರೆ. ಐದು ದಿನ ನಡೆಯುತ್ತದೆ. ಈ ಸಲ ನಾನು, ನಮ್ಮ ಅತ್ತಿಗೆ ಸೇರಿ ಮಿರ್ಚಿ, ಗಿರ್ಮಿಟ್, ಗೋಬಿ ಮಂಚೂರಿ ಅಂಗಡಿ ಹಾಕಬೇಕು ಅಂತಿದ್ದೇವೆ. ಜಾಗದ ದುಡ್ಡು ಕಟ್ಟಿ ರಸೀದಿ ತಗೊಂಡರೆ ಸಾಕು ಅಂತ ಕೆಲವರು ಹೇಳುತ್ತಾರೆ. ಫುಡ್ ಇನ್ಸ್‌ಪೆಕ್ಟರ್ ಬಂದು ಎಲ್ಲ ಎತ್ತಿಕೊಂಡು ಹೋಗುತ್ತಾರೆ ಅಂತ ಇನ್ನು ಕೆಲವರು ಹೆದರಿಸುತ್ತಾರೆ. ಯಾವುದು ನಿಜ?

ಉತ್ತರ: ಜಾಗದ ರಸೀದಿ ಒಂದೇ ಸಾಕಾಗುವುದಿಲ್ಲ. ಹಾಗಂತ ಹೆದರುವಂಥದ್ದೂ ಏನಿಲ್ಲ.

ಜಾಗ ಕೊಡುವವರು ಬೇರೆ, ಊಟ-ತಿಂಡಿ ಮಾರಲು ಒಪ್ಪಿಗೆ ಕೊಡುವವರು ಬೇರೆ. ಜಾಗ ಯಾರದೋ ಅವರು ಕೊಡಬೇಕು. ದೇವಸ್ಥಾನದ ಜಾಗವಾದರೆ ಆಡಳಿತ ಮಂಡಳಿ, ಊರ ರಸ್ತೆ ಬದಿಯಾದರೆ ಗ್ರಾಮ ಪಂಚಾಯಿತಿ ಅಥವಾ ಪುರಸಭೆ. ದೊಡ್ಡ ಜಾತ್ರೆಗಳಲ್ಲಿ ಜಾಗವನ್ನು ಹರಾಜು ಹಾಕುವುದೂ ಉಂಟು. ಈ ರಸೀದಿ ನೀವು ನಿಂತ ನೆಲಕ್ಕೆ ಮಾತ್ರ. ಬಾಣಲೆಯಲ್ಲಿ ಏನು ಬೇಯುತ್ತಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ತಿಂಡಿಯ ವಿಷಯಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಇದೆ. ಅದರ 31ನೇ ಸೆಕ್ಷನ್‌ನಲ್ಲಿ ತಳ್ಳುಗಾಡಿಯವರು, ಊರೂರು ತಿರುಗಿ ಮಾರುವವರು, ತಾತ್ಕಾಲಿಕ ಅಂಗಡಿಯವರು ಅಂತ ನಿಮ್ಮಂಥವರನ್ನು ಹೆಸರಿಟ್ಟೇ ಹೇಳಿದ್ದಾರೆ. ಇವರಿಗೆ ಲೈಸೆನ್ಸ್ ಬೇಡ, ಆದರೆ ನೋಂದಣಿ ಬೇಕೇ ಬೇಕು. 2011ರಲ್ಲಿ ನಿಯಮ ಬಂದಾಗ ವರ್ಷಕ್ಕೆ 12 ಲಕ್ಷದವರೆಗೆ ವ್ಯಾಪಾರ ಮಾಡುವವರಿಗೆ ನೋಂದಣಿ ಸಾಕು ಎಂದಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಐದು ದಿನದ ಮಿರ್ಚಿ ಅಂಗಡಿ ಆ ಲೆಕ್ಕದ ಹತ್ತಿರಕ್ಕೂ ಹೋಗುವುದಿಲ್ಲ, ಅಲ್ವಾ?

ಅರ್ಜಿಯನ್ನು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಫೋಸ್ಕೋಸ್ ಜಾಲತಾಣದಲ್ಲಿ ಹಾಕಬೇಕು. ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಕೈಯಲ್ಲಿರಲಿ. ಮನೆಯಲ್ಲಿ ಮಾಡಲು ಆಗದಿದ್ದರೆ ಸೈಬರ್ ಸೆಂಟರ್‌ನವರು ಮಾಡಿಕೊಡುತ್ತಾರೆ. ಅವರಿಗೆ ಕೊಡುವ ದುಡ್ಡು ಬೇರೆ, ಸರ್ಕಾರದ ಶುಲ್ಕ ಬೇರೆ. ಎರಡನ್ನೂ ಬಿಡಿಸಿ ಕೇಳಿ. ಒಂದು ವಿಷಯ ನೆನಪಿಡಿ: ‘ಆಹಾರ ಇಲಾಖೆ’ ಅಂದ ಕೂಡಲೇ ಜನ ರೇಷನ್ ಕಾರ್ಡ್ ಕೊಡುವ ಕಚೇರಿಗೆ ಹೋಗಿ ನಿಲ್ಲುತ್ತಾರೆ. ಇದು ಅಲ್ಲಿ ಆಗುವ ಕೆಲಸವಲ್ಲ. ಆಹಾರ ಸುರಕ್ಷತಾ ಅಧಿಕಾರಿ, ಅವರ ಮೇಲಿನ ಅಂಕಿತಾಧಿಕಾರಿ ಎಲ್ಲಿ ಕೂರುತ್ತಾರೆ ಅಂತ ಕೇಳಿಕೊಂಡು ಹೋಗಿ.

ಈಗ ನಿಮ್ಮ ನಿಜವಾದ ಭಯಕ್ಕೆ ಬರೋಣ. ತಪಾಸಣೆಗೆ ಬಂದರೆ ಏನು ನೋಡುತ್ತಾರೆ?

ಮೊದಲು ನೀರು. ಒಂದು ಜಾತ್ರೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೊದಲ ದಿನ ಬೆಳಿಗ್ಗೆ ಆ ಅಂಗಡಿ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಡ್ರಮ್ ತುಂಬ ಒಳ್ಳೆಯ ನೀರು, ಮೇಲೆ ಮುಚ್ಚಳ. ರಥ ಎಳೆದ ದಿನ ಸಂಜೆ ಹೋದರೆ ಮುಚ್ಚಳ ನೆಲದ ಮೇಲೆ ಬಿದ್ದಿತ್ತು. ಅದೇ ಡ್ರಮ್ಮಿಗೆ ಮಗ್ ಅದ್ದಿ ಕುಡಿಯಲು ಕೊಡುತ್ತಿದ್ದರು, ಅದೇ ಮಗ್ಗಿನಲ್ಲಿ ಹಿಟ್ಟು ಕಲಸುತ್ತಿದ್ದರು, ಅದೇ ಮಗ್ಗಿನಲ್ಲಿ ಕೈ ತೊಳೆಯುತ್ತಿದ್ದರು. ಕೆಟ್ಟವರೇನಲ್ಲ ಅವರು. ಜನ ಮುಗಿಬಿದ್ದಿದ್ದರು, ನೀರು ತರಲು ಆಳಿರಲಿಲ್ಲ, ಅಷ್ಟೇ. ಅದಕ್ಕೇ ಹೇಳುವುದು, ನಲ್ಲಿ ಇರುವ ಡ್ರಮ್ ಇಡಿ. ಕುಡಿಯುವ ಮತ್ತು ಅಡುಗೆಯ ನೀರು ಒಂದರಲ್ಲಿ, ಪಾತ್ರೆ ತೊಳೆಯುವ ನೀರು ಇನ್ನೊಂದರಲ್ಲಿ. ನೀರು ತರಲಿಕ್ಕೆಂದೇ ಒಬ್ಬ ಹುಡುಗನನ್ನು ಗೊತ್ತು ಮಾಡಿ. ಆ ಕೂಲಿ ದಂಡ ಅಂತ ಅಂದುಕೊಳ್ಳಬೇಡಿ.

ಆಮೇಲೆ ಕೈ. ದುಡ್ಡು ಇಸ್ಕೊಂಡ ಕೈಯಲ್ಲೇ ಗಿರ್ಮಿಟ್ ಕಲಸಬಾರದು. ನೀವಿಬ್ಬರು ಇದ್ದೀರಲ್ಲ, ಒಬ್ಬರು ಗಲ್ಲಾ ನೋಡಿಕೊಳ್ಳಿ, ಇನ್ನೊಬ್ಬರು ತಿಂಡಿ. ಯಾರಿಗಾದರೂ ಜ್ವರ, ಭೇದಿ ಇದ್ದರೆ ಅವತ್ತು ಅವರು ತಿಂಡಿ ಮುಟ್ಟುವುದು ಬೇಡ. ಈರುಳ್ಳಿ, ಟೊಮೆಟೊ, ಕೊತ್ತಂಬರಿ ಬೆಳಿಗ್ಗೆಯೇ ರಾಶಿ ಹೆಚ್ಚಿಟ್ಟುಕೊಳ್ಳಬೇಡಿ. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಹೆಚ್ಚಿ, ಮುಚ್ಚಿಡಿ. ತಿಂಡಿ ಇಡುವ ಮೇಜು ಒರೆಸಿದರೆ ಸ್ವಚ್ಛವಾಗುವಂಥದ್ದು ಇರಬೇಕು, ಸ್ಟೀಲಿನದಾದರೆ ಒಳ್ಳೆಯದು. ನೆಲದಿಂದ 60-70 ಸೆಂಟಿಮೀಟರಾದರೂ ಎತ್ತರ ಇರಬೇಕು ಅಂತ ನಿಯಮದಲ್ಲೇ ಇದೆ. ಜಾತ್ರೆಯ ಧೂಳು ಕಂಡವರಿಗೆ ಅದು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಗಿರ್ಮಿಟ್ ಅಂದ ಮೇಲೆ ಪೇಪರ್ ವಿಷಯ ಹೇಳಲೇಬೇಕು. ಹಳೇ ನ್ಯೂಸ್‌ಪೇಪರಿನಲ್ಲಿ ತಿಂಡಿ ಕಟ್ಟಿ ಕೊಡುವುದು ನಮಗೆಲ್ಲ ರೂಢಿ. ಆದರೆ 2018ರ ಪ್ಯಾಕೇಜಿಂಗ್ ನಿಯಮದ ಪ್ರಕಾರ ಅದು ನಿಷಿದ್ಧ. ಬಿಸಿ ಮಿರ್ಚಿಯ ಎಣ್ಣೆಗೆ ಅಕ್ಷರದ ಮಸಿ ಬಿಟ್ಟುಕೊಂಡು ಹೊಟ್ಟೆಗೆ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆಯೂ ಬೇಡ. ಮುತ್ತುಗದ ಎಲೆ, ಅಡಿಕೆ ಹಾಳೆ ತಟ್ಟೆ ಸಿಕ್ಕರೆ ಅದಕ್ಕಿಂತ ಚೆಂದ ಯಾವುದಿದೆ?

ಎಣ್ಣೆಯದು ಇನ್ನೊಂದು ಕಥೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತ ಅನ್ನುವ ಅಂಶ ಹೆಚ್ಚುತ್ತಾ ಹೋಗುತ್ತದೆ. ಅದು ನೂರಕ್ಕೆ 25 ದಾಟಿದರೆ ಆ ಎಣ್ಣೆಯಲ್ಲಿ ಕರಿಯುವ ಹಾಗಿಲ್ಲ. ನಿಮ್ಮ ಹತ್ತಿರ ಅಳೆಯುವ ಯಂತ್ರ ಇರುವುದಿಲ್ಲ, ಕಣ್ಣು ಇದೆ. ಬಣ್ಣ ಕಪ್ಪಾಗಿ, ನೊರೆ ಎದ್ದು, ಬೇಗ ಹೊಗೆಯಾಡಲು ಶುರುವಾದರೆ ಅದು ಮುಗಿಯಿತು ಅಂತ ತಿಳಿಯಿರಿ. ಹಳೇ ಎಣ್ಣೆಗೆ ಹೊಸದು ಸುರಿದು ಐದು ದಿನ ದಾಟಿಸೋಣ ಅಂತ ಲೆಕ್ಕ ಹಾಕಬೇಡಿ.

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಗೋಬಿಗೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಣ್ಣದ ಬಾಂಬೆ ಮಿಠಾಯಿಯನ್ನು ನಿಷೇಧಿಸಿತು. ಪರೀಕ್ಷೆಗೆ ಕಳಿಸಿದ 171 ಗೋಬಿ ಮಾದರಿಗಳಲ್ಲಿ ನೂರಕ್ಕೂ ಹೆಚ್ಚಿನವು ಅಸುರಕ್ಷಿತ ಅಂತ ಬಂದಿದ್ದವು. ಜೂನ್‌ನಲ್ಲಿ ಕಬಾಬ್ ಕೂಡ ಆ ಸಾಲಿಗೆ ಸೇರಿತು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಅಂದರೆ ಬಟ್ಟೆಗೆ ಹಾಕುವ ಬಣ್ಣ. ಜಾತ್ರೆಯಲ್ಲಿ ಅದನ್ನು ತಿನ್ನುವವರು ಯಾರು ಹೇಳಿ? ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು.

ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ‘ಕಿರಾಣಿ ಅಂಗಡಿಯಲ್ಲಿ ಸಿಕ್ಕಿದೆ, ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆ’ ಅನ್ನುತ್ತಾರೆ. ಇರಬಹುದು. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ ಥರದ ಬಣ್ಣಗಳಿಗೆ ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಅನುಮತಿ ಇದೆ. ಗೋಬಿಗೆ ಇಲ್ಲ. ಒಂದು ಚಿಟಿಕೆ ಕೂಡ ಹಾಕಬೇಡಿ. ಡಬ್ಬಿಯನ್ನು ಅಂಗಡಿಯೊಳಗೆ ಇಟ್ಟುಕೊಳ್ಳುವುದೇ ಬೇಡ. ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ! ಖಾರ ಕಡಿಮೆ, ಬಣ್ಣ ಜಾಸ್ತಿ. ನೆನೆಸಿ ನುಣ್ಣಗೆ ರುಬ್ಬಿ ಹಾಕಿ. ಆ ಹೊಳಪು ಬರಲಿಕ್ಕಿಲ್ಲ, ಆದರೆ ರುಚಿ ಬರುತ್ತದೆ.

ಅಧಿಕಾರಿ ಮಾದರಿ ತೆಗೆದರೆ ಗಾಬರಿ ಬೇಡ. ಅದಕ್ಕೂ ಕ್ರಮ ಇದೆ. ತೆಗೆದುಕೊಂಡ ತಿಂಡಿಗೆ ನೀವು ಮಾರುವ ರೇಟಿನಲ್ಲೇ ದುಡ್ಡು ಕೊಡಬೇಕು. ಮಾದರಿಯನ್ನು ನಾಲ್ಕು ಭಾಗ ಮಾಡಿ ಸೀಲ್ ಮಾಡಬೇಕು. ನೀವು ಕೇಳಿದರೆ ಒಂದು ಭಾಗವನ್ನು ಮಾನ್ಯತೆ ಪಡೆದ ಬೇರೆ ಲ್ಯಾಬಿಗೆ ಕಳಿಸಬೇಕು, ಅದರ ಖರ್ಚು ನಿಮ್ಮದು. ಆ ಹಕ್ಕು ನಿಮಗಿದೆ ಅಂತ ಗೊತ್ತಿರಲಿ. ಸಣ್ಣಪುಟ್ಟ ಲೋಪಕ್ಕೆ ಸುಧಾರಣಾ ನೋಟಿಸ್ ಕೊಟ್ಟರೆ ಸರಿಪಡಿಸಲು ಕನಿಷ್ಠ 14 ದಿನ ಕೊಡಬೇಕು. ನಿಮ್ಮ ಜಾತ್ರೆ ಐದೇ ದಿನ. ಹಾಗಾಗಿ ಅಲ್ಲೇ ‘ಇದನ್ನು ಮುಚ್ಚಿ, ಅದನ್ನು ಚೆಲ್ಲಿ’ ಅಂದರೆ ವಾದಕ್ಕೆ ನಿಲ್ಲದೆ ಮಾಡಿಬಿಡಿ. ನೋಂದಣಿ ಪತ್ರದ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ಗಿರಾಕಿಗಳಿಗೆ ಕಾಣುವ ಹಾಗೆ ತೂಗುಹಾಕಿ.

ಸಿಲಿಂಡರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮನೆಯ 14.2 ಕೆಜಿ ಸಿಲಿಂಡರ್ ತರಬೇಡಿ. ಅಂಗಡಿಗೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರೇ ಬೇಕು. ಕರೆಂಟಿಗೆ ಪಕ್ಕದ ಕಂಬದಿಂದ ವೈರ್ ಎಳೆಯುವುದೂ ಬೇಡ.

ಇನ್ನು ಅರ್ಜಿ ಯಾವಾಗ ಹಾಕಬೇಕು? ಅರ್ಜಿ ಬಂದ 7 ದಿನದೊಳಗೆ ಅವರು ನೋಂದಣಿ ಕೊಡಬೇಕು, ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ಬರುತ್ತೇವೆ ಅಂತ ತಿಳಿಸಬೇಕು. ತಪಾಸಣೆ ಅಂದರೆ 30 ದಿನದವರೆಗೂ ಹೋಗಬಹುದು. ಭರತ ಹುಣ್ಣಿಮೆಯಿಂದ ಹಿಂದಕ್ಕೆ ಎಣಿಸಿದರೆ ಎಳ್ಳಮಾವಾಸ್ಯೆಗೆ ಸರಿಯಾಗಿ ಒಂದೂವರೆ ತಿಂಗಳು. ಚರಗ ಚೆಲ್ಲಿ ಹೊಲದಿಂದ ಬಂದ ಮರುದಿನವೇ ಅರ್ಜಿ ಹಾಕಿಬಿಡಿ.