ಒಂದೇ ತಟ್ಟೆಯ ರಕ್ತ, ಊದಿಕೊಂಡ ಗ್ರಂಥಿ

ನೊಣಕ್ಕೆ ಕಾಯಿಲೆ ಬಂದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಲ್ವಾ? ತ್ಸೆತ್ಸೆ ನೊಣದ ವಿಷಯದಲ್ಲಿ ಕೆಡಿಸಿಕೊಳ್ಳಲೇಬೇಕಾಯಿತು. ಆಫ್ರಿಕಾದಲ್ಲಿ ಮನುಷ್ಯರಿಗೆ ನಿದ್ರಾರೋಗ, ದನಗಳಿಗೆ ನಗಾನಾ ಹರಡುವುದು ಇದೇ ನೊಣ. ಇದನ್ನು ಇಲ್ಲವಾಗಿಸಲು ಇದನ್ನೇ ಲಕ್ಷಗಟ್ಟಲೆ ಸಾಕಬೇಕು, ಗಂಡುಗಳಿಗೆ ವಿಕಿರಣ ಕೊಟ್ಟು ಬರಡು ಮಾಡಿ ಹೊರಗೆ ಬಿಡಬೇಕು. ಅವುಗಳ ಜೊತೆ ಕೂಡಿದ ಹೆಣ್ಣಿಗೆ ಮರಿಯಾಗುವುದಿಲ್ಲ. ಜಾಂಜಿಬಾರ್‌ನ ಉಂಗುಜಾ ದ್ವೀಪದಲ್ಲಿ 1990ರ ದಶಕದಲ್ಲಿ ಮೊದಲು ಕೀಟನಾಶಕ ಬಳಸಿ, ಆಮೇಲೆ ಹೀಗೆ ಬರಡು ಗಂಡುಗಳನ್ನು ಬಿಟ್ಟು ಗೆದ್ದರು.

ಇಥಿಯೋಪಿಯಾದಲ್ಲಿ ಬೇಕಾಗಿದ್ದು ಬೇರೆ ಜಾತಿ, ಗ್ಲಾಸಿನಾ ಪ್ಯಾಲಿಡಿಪಿಸ್. ವಿಯೆನ್ನಾ ಹತ್ತಿರದ ಸೈಬರ್ಸ್‌ಡಾರ್ಫ್‌ನಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಅಲ್ಲಿಂದ ತಂದ ನೊಣಗಳನ್ನು ಸಾಕಿದರು. ಕೆಲವೇ ವರ್ಷಗಳಲ್ಲಿ ಆ ಸಂತತಿ ಸೊರಗಿ ನಶಿಸಿತು. ತ್ಸೆತ್ಸೆ ಹೆಣ್ಣು ಮೊಟ್ಟೆ ರಾಶಿ ಹಾಕುವುದಿಲ್ಲ, ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಹೊಟ್ಟೆಯೊಳಗೇ ಬೆಳೆಸಿ ಹೆರುತ್ತದೆ. ಹಾಗಾಗಿ ಹೆರಿಗೆ ಸ್ವಲ್ಪ ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ.

ಹೆರಿಗೆ ಇಳಿದು ಸಂತತಿ ಸೊರಗಿದ್ದಕ್ಕೆ ಕಾರಣ ನೊಣವನ್ನು ಸೀಳಿದರೆ ಕಾಣುತ್ತದೆ. ಆರೋಗ್ಯವಂತ ನೊಣದ ಜೊಲ್ಲುಗ್ರಂಥಿ ತೆಳ್ಳಗೆ, ದಾರದ ಹಾಗೆ, ಪಾರದರ್ಶಕ. ಕಾಯಿಲೆಯ ನೊಣದಲ್ಲಿ ಅದೇ ಗ್ರಂಥಿ ಹಲವು ಪಟ್ಟು ದಪ್ಪಗಾಗಿ ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಈ ಊತವನ್ನು 1930ರ ದಶಕದಲ್ಲೇ ಗುರುತಿಸಿದ್ದರು, ಒಳಗಿರುವುದು ಕಡ್ಡಿಯಾಕಾರದ ವೈರಸ್ ಎಂದು ಗೊತ್ತಾಗಿದ್ದು 1970ರ ದಶಕದಲ್ಲಿ. ಬಯಲಿನ ನೊಣಗಳಲ್ಲಿ ಊತ ಅಪರೂಪ. ಸಾಕಣೆಯಲ್ಲಿ ಮಾತ್ರ ಹಬ್ಬುತ್ತದೆ, ಯಾಕೆಂದರೆ ಅಲ್ಲಿ ಸಿಲಿಕೋನ್ ಪೊರೆಯ ಕೆಳಗೆ ಬೆಚ್ಚಗಿನ ರಕ್ತ ಇಟ್ಟು ಒಂದರ ಹಿಂದೆ ಒಂದು ಪಂಜರವನ್ನು ಅದೇ ಪೊರೆಯ ಮೇಲೆ ಇಡುತ್ತಿದ್ದರು, ಮೊದಲ ಪಂಜರದ ರೋಗಿ ನೊಣ ಚುಚ್ಚುವಾಗ ಜೊಲ್ಲಿನ ಜೊತೆ ಬಿಟ್ಟ ವೈರಸ್ ಮುಂದಿನ ಪಂಜರದವರಿಗೆ ಊಟದಲ್ಲೇ ಸಿಗುತ್ತಿತ್ತು. ಅಂದರೆ ಕಾಯಿಲೆ ಬಡಿಸುತ್ತಿದ್ದವರು ಸಾಕುವವರೇ.

2008ರಲ್ಲಿ ವೈರಸ್‌ನ ಪೂರ್ತಿ ಜೀನೋಮ್, ಅಂದರೆ ಅದರ ಡಿಎನ್‌ಎ ಬರಹವನ್ನೆಲ್ಲ, ಓದಿದರು: ಸುಮಾರು 1.9 ಲಕ್ಷ ಅಕ್ಷರ, 160 ಜೀನ್. ಆದರೆ ಜೀನ್ ಪಟ್ಟಿ ಸುಮ್ನೆ ಪಟ್ಟಿ ಅಷ್ಟೆ, ವೈರಸ್ ಕಣದ ಮೈಮೇಲೆ ನಿಜವಾಗಿ ಏನಿದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಪ್ರೋಟೀನ್ ಅಧ್ಯಯನ ಬೇಕಾಯಿತು. ಊದಿದ ಗ್ರಂಥಿಗಳಿಂದ ವೈರಸ್ ಬೇರ್ಪಡಿಸಿ, ಅದರ ಪ್ರೋಟೀನ್‌ಗಳನ್ನು ತುಂಡು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗಿ ಜೀನೋಮ್ ಜೊತೆ ಹೋಲಿಸಿದರು. 2010ರಲ್ಲಿ 61 ಪ್ರೋಟೀನ್ ಸಿಕ್ಕವು. ಏಳನ್ನು ಆರಿಸಿ ಮೊಲಗಳಲ್ಲಿ ಆ್ಯಂಟಿಬಾಡಿ (ಅವಕ್ಕೆ ಹೋಗಿ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನ್) ಬೆಳೆಸಿದಾಗ, ಅದರಲ್ಲಿ ಒಂದು ವೈರಸ್‌ನ ಹೊರಹೊದಿಕೆಗೇ ಹೋಗಿ ಅಂಟಿಕೊಂಡಿತು. ಆ ಆ್ಯಂಟಿಬಾಡಿಯನ್ನು ನೊಣಕ್ಕೆ ಉಣಿಸುವ ರಕ್ತಕ್ಕೆ ಬೆರೆಸಿದರೆ ವೈರಸ್ ಅದರ ಕರುಳಿನಲ್ಲೇ ಸಿಕ್ಕಿಬೀಳಬಹುದು ಎಂಬುದು ಯೋಚನೆ.

ಜಾಣ ಯೋಚನೆಯೇ. ಆದರೆ ಲಕ್ಷಗಟ್ಟಲೆ ನೊಣಗಳಿಗೆ ವಾರಕ್ಕೆ ಎರಡು ಮೂರು ಸಲ ಉಣಿಸುವಷ್ಟು ಆ್ಯಂಟಿಬಾಡಿಗೆ ಎಷ್ಟು ಮೊಲ ಬೇಕು ಎಂಬುದು ನನಗೆ ಮೊದಲು ಹೊಳೆದ ಪ್ರಶ್ನೆ. ಕೊನೆಗೆ ಸಾಕಣೆಯಲ್ಲಿ ಕೈಹಿಡಿದಿದ್ದು ತೀರಾ ಸಾದಾ ಉಪಾಯ: ಪ್ರತಿ ಸಲ ಹೊಸ ರಕ್ತ, ಎಂಜಲು ಪೊರೆ ಮುಂದಿನ ಪಂಜರಕ್ಕೆ ಇಲ್ಲ. ಜೊತೆಗೆ ರಕ್ತದಲ್ಲಿ ವ್ಯಾಲಸೈಕ್ಲೊವಿರ್, ಅಂದರೆ ಮನುಷ್ಯರ ಹರ್ಪಿಸ್‌ಗೆ ಕೊಡುವ ಔಷಧಿ. ಅದು ವೈರಸ್ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳದಂತೆ ತಡೆಯುತ್ತದೆ. ಎರಡೂ ಸೇರಿದಾಗ ಹೊಸ ತಲೆಮಾರಿನ ನೊಣಗಳಲ್ಲಿ ಊತ ಇಳಿಯುತ್ತಾ ಬಂತು.