ಶರಾವತಿ ಹಿನ್ನೀರಿನಲ್ಲಿ ತೇಲಿದ ಆಂಟೆನಾ

ವಿಶ್ವದ ಮೊದಲ ನಕ್ಷತ್ರಗಳು ಸೂರ್ಯನಿಗಿಂತ ಹತ್ತಾರು ಪಟ್ಟು ಭಾರದ ದೈತ್ಯರು ಎಂಬುದು ವಿಜ್ಞಾನಿಗಳ ಲೆಕ್ಕಾಚಾರ. ಕೆಲವೇ ದಶಲಕ್ಷ ವರ್ಷ ಧಗಧಗನೆ ಉರಿದು ಸಿಡಿದು ಹೋದವು. ಅವುಗಳ ಬೆಳಕನ್ನು ನೇರವಾಗಿ ಹಿಡಿಯುವುದು ಬಲುಕಷ್ಟ. ಬೆಂಗಳೂರಿನ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರು ಆ ತಂಟೆಗೆ ಹೋಗದೆ, ಆ ಬೆಳಕಿನ ಏಟು ತಿಂದ ಹೈಡ್ರೋಜನ್ನನ್ನೇ ವಿಚಾರಿಸಲು ಹೊರಟರು.

ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಉದ್ದದ, ಅಂದರೆ 1420 ಮೆಗಾಹರ್ಟ್ಸ್‌ನ ರೇಡಿಯೋ ಅಲೆಯನ್ನು ಹೀರಬಲ್ಲದು. ಮೊದಲ ನಕ್ಷತ್ರಗಳ ನೇರಳಾತೀತ ಕಿರಣ ತಾಗಿದಾಗ, ತಣ್ಣಗಿದ್ದ ಹೈಡ್ರೋಜನ್ ಮಹಾಸ್ಫೋಟದ ಹಿನ್ನೆಲೆ ವಿಕಿರಣವನ್ನು ಹೀರತೊಡಗಿತು. ಆಮೇಲೆ ಕಪ್ಪುಕುಳಿಗಳ ಸುತ್ತಲಿಂದ ಹೊಮ್ಮಿದ ಎಕ್ಸ್-ಕಿರಣಗಳು ಅನಿಲವನ್ನು ಕಾಯಿಸಿದವು, ಹೀರುವುದು ನಿಂತಿತು. ಹಾಗಾಗಿ ರೇಡಿಯೋ ರೋಹಿತದಲ್ಲಿ, ಅಂದರೆ ಯಾವ ಕಂಪನಾಂಕದ ಅಲೆ ಎಷ್ಟು ಜೋರು ಎಂದು ತೋರಿಸುವ ಗೆರೆಯಲ್ಲಿ, ಒಂದು ತಗ್ಗು ಉಳಿದಿರಬೇಕು. ವಿಶ್ವ ಹಿಗ್ಗಿದಂತೆ ಅಲೆಯೂ ಹಿಗ್ಗಿ, ಆ ತಗ್ಗು ಈಗ 100 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿದಿರುತ್ತದೆ. 102.9ರಲ್ಲಿ ವಿವಿಧ ಭಾರತಿ ಕೇಳುವ ಬೆಂಗಳೂರಲ್ಲಿ ಅದನ್ನು ಹುಡುಕುವುದು ಆಗದ ಮಾತು. ಊರಾಚೆ ಹೋದರೂ ನಮ್ಮ ಆಕಾಶಗಂಗೆಯ ರೇಡಿಯೋ ಗದ್ದಲವೇ ಆ ಸಂಕೇತಕ್ಕಿಂತ ಸಾವಿರಾರು ಪಟ್ಟು ಜೋರು.

2018ರಲ್ಲಿ ಎಡ್ಜಸ್ ಎಂಬ ತಂಡ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನೆಲದ ಮೇಲಿಟ್ಟ ಆಂಟೆನಾದಿಂದ, 78 ಮೆಗಾಹರ್ಟ್ಸ್ ಬಳಿ ತಗ್ಗು ಸಿಕ್ಕಿತೆಂದು ಸಾರಿತು. ಅದರ ಆಳ ನಿರೀಕ್ಷೆಯ ಎರಡು ಪಟ್ಟಿಗೂ ಹೆಚ್ಚು. ಹೊಸ ಭೌತವಿಜ್ಞಾನವೇ ಬೇಕೇನೋ ಎಂಬಷ್ಟು ಸಡಗರ.

ರಾಮನ್ ಸಂಸ್ಥೆಯ ತಂಡಕ್ಕೆ ನೆಲದ ಮೇಲೆಯೇ ಅನುಮಾನ. ಮಣ್ಣಿನಡಿ ಬಂಡೆ, ತೇವ, ಪದರಗಳಿರುತ್ತವೆ. ಅಲ್ಲಿಂದ ಪ್ರತಿಫಲಿಸುವ ಅಲೆ ರೋಹಿತದಲ್ಲಿ ಸುಳ್ಳು ಏರಿಳಿತ ಮೂಡಿಸಬಲ್ಲದು. ಆಳವಾದ ನೀರಿನಲ್ಲಿ ಆ ರಗಳೆಯಿಲ್ಲ. ಹಾಗಾಗಿ 2020ರ ಆರಂಭದಲ್ಲಿ ಸರಸ್-3 ಎಂಬ ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಬಳಿಕ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ರಾಜ್ಯಕ್ಕೆ ಕರೆಂಟು ಕೊಡಲು ನಿಲ್ಲಿಸಿದ ನೀರು ಇದಕ್ಕೂ ಒದಗಿತು!

2022ರಲ್ಲಿ ಸೌರಭ್ ಸಿಂಗ್ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು: ಎಡ್ಜಸ್ ಕಂಡ ತಗ್ಗು ಇಲ್ಲಿಲ್ಲ; ಈ ಮಾತಿನ ಭರವಸೆ ಶೇ 95.3. ‘ಸಿಕ್ಕಿತು’ ಎಂಬ ಸುದ್ದಿಗೆ ಸಿಗುವ ಚಪ್ಪಾಳೆ ‘ಇಲ್ಲ’ ಎಂಬುದಕ್ಕೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ ಕೆಲಸ. ಏಕೆಂದರೆ ಆ ‘ಇಲ್ಲ’ದಿಂದಲೇ ಮುಂದಿನ ಲೆಕ್ಕ ಹುಟ್ಟಿತು: ಮಹಾಸ್ಫೋಟವಾಗಿ ಸುಮಾರು 20 ಕೋಟಿ ವರ್ಷಗಳಾದಾಗಿನ ಗೆಲಾಕ್ಸಿಗಳು ತಮ್ಮ ಅನಿಲದ ಶೇ 3ಕ್ಕಿಂತ ಕಡಿಮೆ ಭಾಗವನ್ನಷ್ಟೇ ನಕ್ಷತ್ರಗಳಾಗಿಸಿರಬೇಕು.

ನಿಜವಾದ ತಗ್ಗಿಗೆ ಹುಡುಕಾಟ ನಡೆದಿದೆ. ಚಂದ್ರನನ್ನು ಸುತ್ತುತ್ತ, ಭೂಮಿಯ ಎಫ್‌ಎಂ ತಲುಪದ ಹಿಂಬದಿಯಲ್ಲಿ ಅಳೆಯಬೇಕಾದ ‘ಪ್ರತ್ಯುಷ್’ ಉಪಕರಣದ ಸಿದ್ಧತೆ ಇದೇ ಸಂಸ್ಥೆಯದು.