ಜೆಸನ್ ಇದ್ದ ಮೇಲೆ ಓಪನ್‌ಎಪಿಐ ಯಾಕೆ?

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಜಾಸ್ತಿ ಕೇಳುವ ಪ್ರಶ್ನೆ ಇದು: "ಸರ್, ಪ್ರಾಜೆಕ್ಟಿಗೆ ಜೆಸನ್ ಒಳ್ಳೇದಾ, ಎಕ್ಸ್‌ಎಂಎಲ್ಲಾ, ಓಪನ್‌ಎಪಿಐಯಾ?"

ಮೂರನೆಯದು ಈ ಸಾಲಿಗೆ ಸೇರುವುದೇ ಇಲ್ಲ. ಜೆಸನ್, ಎಕ್ಸ್‌ಎಂಎಲ್ ಎರಡೂ ಡೇಟಾ ಬರೆದು ಕಳಿಸುವ ರೀತಿಗಳು. ಆ ಡೇಟಾ ಯಾವ ವಿಳಾಸದಲ್ಲಿ ಸಿಗುತ್ತದೆ, ಏನು ಕೊಟ್ಟು ಕೇಳಬೇಕು, ಉತ್ತರದಲ್ಲಿ ಏನೇನು ಬರುತ್ತದೆ ಅಂತ ಮೊದಲೇ ಬರೆದಿಡುವುದು ಓಪನ್‌ಎಪಿಐ.

ನಮ್ಮ ಎಪಿಎಂಸಿಯ ಮೆಕ್ಕೆಜೋಳದ ದರ ತೋರಿಸುವ ಆ್ಯಪ್ ಮಾಡುತ್ತೀರಿ ಅಂದುಕೊಳ್ಳಿ. ಜೆಸನ್‌ನಲ್ಲಿ "ದರ": 2100 ಅಂತ ಬಂತು. ಕ್ವಿಂಟಲ್‌ಗಾ, ಚೀಲಕ್ಕಾ? ಕನಿಷ್ಠವಾ, ಗರಿಷ್ಠವಾ, ಸರಾಸರಿಯಾ? ಜೊತೆಗೆ 05-06 ಅಂತ ತಾರೀಖು ಬಂದರೆ ಅದು ಜೂನ್ 5, ಇಲ್ಲಾ ಮೇ 6? ಜೆಸನ್‌ಗೆ ತಾರೀಖು ಅನ್ನುವ ಬಗೆಯೇ ಇಲ್ಲ, ಅದಕ್ಕೆ ಅದು ಬರೀ ಅಕ್ಷರಗಳ ಸಾಲು ಅಷ್ಟೇ. ನಾನು ಒಮ್ಮೆ ಇಂಥದ್ದೇ ಆ್ಯಪ್ ಮಾಡಿದಾಗ, ವಹಿವಾಟು ಇಲ್ಲದ ದಿನ ದರ ಕಳಿಸುವ ಕಡೆಯಿಂದ ಸೊನ್ನೆ ಬರುತ್ತಿತ್ತು, ಅದನ್ನು ಎಲ್ಲೂ ಬರೆದಿರಲಿಲ್ಲ, ನನ್ನ ಕೋಡ್ ಅದನ್ನೂ ಸೇರಿಸಿಕೊಂಡು ವಾರದ ಸರಾಸರಿಯನ್ನು ಇಳಿಸಿ ತೋರಿಸಿತು. ಮಾಲು ತರೋದಾ ಬೇಡವಾ ಅಂತ ಅದನ್ನು ನೋಡಿ ತೀರ್ಮಾನ ಮಾಡುವವರು ರೈತರು. ಇಂದಿಗೂ ನನಗೆ ಅದು ನೋವು.

ಓಪನ್‌ಎಪಿಐನಲ್ಲಿ ಇದನ್ನೆಲ್ಲ ಬರೆಯಲು ಜಾಗ ಇದೆ: ದರ ಸಂಖ್ಯೆ, ಕ್ವಿಂಟಲ್‌ಗೆ ರೂಪಾಯಿಯಲ್ಲಿ, ವಹಿವಾಟು ಇಲ್ಲದಿದ್ದರೆ ಖಾಲಿ. ಹಾಗಂತ ತಾನಾಗೇ ಬರುವುದಿಲ್ಲ, ನೀವೇ ಬರೆಯಬೇಕು.

ಇದು ಹೊಸ ಯೋಚನೆಯೇನಲ್ಲ. 1998ರಲ್ಲಿ ಎಕ್ಸ್‌ಎಂಎಲ್ ಬಂತು, ಅದರಲ್ಲಿ ಸಂದೇಶ ಕಳಿಸುವ ಸೋಪ್ (SOAP) ಸೇವೆಗಳಿಗೆ ಡಬ್ಲ್ಯುಎಸ್‌ಡಿಎಲ್ ಅನ್ನುವ ವಿವರಣೆಯ ಭಾಷೆ ಇದೇ ಕೆಲಸ ಮಾಡುತ್ತಿತ್ತು. ಆದರೆ ಕೈಯಲ್ಲಿ ಬರೆಯುವುದು ಕಷ್ಟ. 2011ರಲ್ಲಿ ಬಂದ ಸ್ವ್ಯಾಗರ್ ಅನ್ನುವ ವಿವರಣೆಯ ರೀತಿ ಹಗುರವಾಗಿತ್ತು. 2015ರಲ್ಲಿ ಅದು ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಲಿನಕ್ಸ್ ಫೌಂಡೇಶನ್‌ನ ಆಶ್ರಯಕ್ಕೆ ಬಂತು, 2016ರಲ್ಲಿ ಓಪನ್‌ಎಪಿಐ ಅಂತ ಹೆಸರಾಯಿತು. 2021ರ 3.1 ಆವೃತ್ತಿ, ಜೆಸನ್ ಡೇಟಾ ಹೇಗಿರಬೇಕು ಅಂತ ಹೇಳುವ ಜೆಸನ್ ಸ್ಕೀಮಾಗೆ ಪೂರ್ತಿ ಹೊಂದಿಕೊಂಡಿತು. ಹೊಸದಾಗಿ ಶುರು ಮಾಡುವವರು ಡೇಟಾಗೆ ಜೆಸನ್, ವಿವರಣೆಗೆ ಓಪನ್‌ಎಪಿಐ ಹಿಡಿಯಿರಿ. ಉದ್ದದ ಬರಹದ ನಡುನಡುವೆ ಗುರುತು ಹಾಕಬೇಕಾದರೆ ಮಾತ್ರ ಎಕ್ಸ್‌ಎಂಎಲ್ ಈಗಲೂ ವಾಸಿ.

ಓಪನ್‌ಎಪಿಐ ವಿವರಣೆಯ ಫೈಲನ್ನು ಜಾಸ್ತಿ ಜನ ಯಾಮಲ್ (YAML) ಅನ್ನುವ ಇನ್ನೊಂದು ಡೇಟಾ ಬರೆಯುವ ರೀತಿಯಲ್ಲಿ ಬರೆಯುತ್ತಾರೆ. ಓದಲು ಸುಲಭ ಅಲ್ವಾ? ಆದರೆ ಮಾರುಕಟ್ಟೆ ತೆರೆಯುವ ಹೊತ್ತನ್ನು ಸುಮ್ನೆ 10:30 ಅಂತ ಬರೆದರೆ, ಹಳೇ ಯಾಮಲ್ 1.1 ಪ್ರಕಾರ ಓದುವ ಲೈಬ್ರರಿಗಳು (ಸಿದ್ಧ ಕೋಡ್‌ಗಳು) ಅದನ್ನು 10×60+30 ಅಂತ ಲೆಕ್ಕ ಹಾಕಿ 630 ಅಂತ ಓದುತ್ತವೆ. ಉದ್ಧರಣ ಚಿಹ್ನೆಯ ಒಳಗೆ ಹಾಕಿ.